ಎಲ್ಲೆ ಹಿಡಿದು ನಿಂತ ಮರಿಲಿಂಗ

ಪೆದ್ದರು ಎಲ್ಲಾ ಊರಲ್ಲೂ ಇರ್ತಾರೆ. ಆದರೆ ನಮ್ಮೂರ ಮರಿಲಿಂಗನಂಥ ಪೆದ್ದನನ್ನು ಏಳು ಹೋಬಳಿ ಜಾಲಾಡಿ ತೋರಿಸಿ ನೋಡೋಣ! ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಗಂಡು. ಅವನವ್ವ ಹೊನ್ನಾಜಮ್ಮನಿಗೆ ಚಚ್ಚಿಕೊಂಡೂ ಚಚ್ಚಿಕೊಂಡೂ ಹಣೆ ಸವೆದಿತ್ತು. ಬಾಯಿ ಮಾತ್ರ ಸವೆದಿರಲಿಲ್ಲ.

ಪಕ್ಕದ ಹೊಲದ ಪಟೇಲ ಸಣ್ಣತಮ್ಮಯ್ಯ ಬದು ಒತ್ತಿ ಒತ್ತಿ ಅವಳ ಮೂರು ಗುಂಟೆ ನುಂಗಿದ್ದ. ಕೇಳಿದರೆ, "ಹೋಗಮ್ಮೀ, ಯಾರ್ನ ಕರ್ಕೊಂಡು ಬರ್ತೀಯೋ ಬಾ!" ಅಂದ. ಹೊನ್ನಾಜಮ್ಮ ಅಳತೆಗೆ ಅರ್ಜಿ ಹಾಕಿಯೇಬಿಟ್ಟಳು.

ಸರ್ವೆಯರ್ ರುದ್ರಾರಾಧ್ಯರು ಬಂದರು. ಹಳೇ ಸರಪಳಿ ಹೋಗಿ ಹೊಸ ಮೆಷಿನ್ ಬಂದಿತ್ತು. ದಿಬ್ಬದ ಮೇಲೆ ಮೂರು ಕಾಲಿನ ತಾಯಿ ಪೆಟ್ಟಿಗೆ, ಹೊಲದಲ್ಲಿ ಕೋಲಿನ ತುದಿಗೆ ಮರಿ ಪೆಟ್ಟಿಗೆ. ಎರಡೂ ಉಪಗ್ರಹದ ಸುದ್ದಿ ಹಿಡಿದು, ತಂತಿಯಿಲ್ಲದೆ ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಎಲ್ಲೆ ಸಿಕ್ಕಂತೆ. ಅಳೆಸುವ ಮನೆಯವರೇ ಕೋಲು ಹಿಡಿಯಬೇಕು, ಅದು ನಮ್ಮೂರ ರೂಢಿ. ಹೊನ್ನಾಜಮ್ಮನಿಗಿದ್ದವನು ಮರಿಲಿಂಗನೊಬ್ಬನೇ!

"ಮೂರು ದಿನ ಟೈಮು. ಆಗಲಿಲ್ಲವೋ, ಈಗಿರೋ ಬದುವೇ ಎಲ್ಲೆ ಅಂತ ಬರೆದು ಹೋಗ್ತೀನಿ," ಅಂದರು ಸರ್ವೆಯರು.

ಅವ್ವ ಮಗನ ಕಿವಿ ಹಿಡಿದಳು. "ಲೋ, ನಾಕು ಜನ ನಮ್ಮ ಕಡೆಗಿರಬೇಕು. ಯಾರು ಏನು ಕೇಳಿದ್ರೂ ಇಲ್ಲ ಅನ್ಬೇಡ!"

"ಆಗ್ಲಿ ಕಣವ್ವ!"

ಮೊದಲ ದಿನ ನೋಡೋಕೆ ಊರೇ ನೆರೆಯಿತು. "ಲಿಂಗ, ನೆಟ್ ಖಾಲಿ, ಹಾಟ್‌ಸ್ಪಾಟ್ ಕೊಡ್ಲಾ!" ಅಂದ ಒಬ್ಬ. ಕೊಟ್ಟ. "ನಂಗೂ ಕೊಡ್ಲಾ!" ಅಂದ ಇನ್ನೊಬ್ಬ. ಅವನಿಗೂ ಕೊಟ್ಟ. ಮೆಷಿನ್ ಕುಂಯ್ ಅಂದು ಮಲಗಿತು.

"ಅಯ್ಯೋ ಮಂಕೇ!" ಸರ್ವೆಯರು ಕುಣಿದಾಡಿದರು. "ಫೋನಿನ ಅಲೆ ನನ್ನ ಮೆಷಿನ್ ಅಲೆಗೆ ಅಡ್ಡ ಬರ್ತದೆ ಕಣೋ! ನಾಳೆ ಈ ಹೊಲದಲ್ಲಿ ಒಂದು ಫೋನೂ ಇರಕೂಡದು. ಎಲ್ಲಾ ದೂರ ಕಳ್ಸು!"

"ಆಗ್ಲಿ ಸ್ವಾಮಿ!"

ಎರಡನೇ ದಿನ ಎಲ್ಲರ ಫೋನನ್ನೂ ಮಂಕರಿಗೆ ತುಂಬಿದ. ಹಾಲಿನ ವ್ಯಾನಿಗೆ ಹಾಕಿ ತಾಲೂಕಿಗೇ ಕಳಿಸಿದ.

"ಲೋ, ಮೆಷಿನ್ ಲೆಕ್ಕ ತೋರಿಸೋ ಕೈಪೆಟ್ಟಿಗೆ ಎಲ್ಲೋ?"

"ಫೋನಿನ ಥರಾನೇ ಇತ್ತಲ್ಲ ಸ್ವಾಮಿ, ಹಾಲಿನ ಜೊತೆ ಹೋಯ್ತು!"

ವ್ಯಾನು ತಿರುಗಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಟೇಲ ಬದುವಿನ ಮೇಲೆ ಕೂತು ಮೀಸೆ ತಿರುವಿದ. "ಹೊನ್ನಾಜಿ, ನಿನ್ನ ಮಗನ್ನ ಅಳೆಸಮ್ಮೀ ಮೊದ್ಲು!"

"ನಗು ನಗು! ಇನ್ನೊಂದು ದಿನ ಐತೆ!" ಅಂದಳು ಅವ್ವ.

ಸರ್ವೆಯರು ಬೈದರು. "ಮೆಷಿನ್ ಸಾಮಾನು ಯಾವತ್ತೂ ಬೇರೆ ಬೇರೆ ಮಾಡ್ಬೇಡ! ಎಲ್ಲಾ ಒಟ್ಟಿಗಿರಬೇಕು!"

"ಆಗ್ಲಿ ಸ್ವಾಮಿ!"

ಮೂರನೇ ದಿನ ಅಳತೆ ಚೆನ್ನಾಗಿ ನಡೆದಿತ್ತು. ಸರ್ವೆಯರು ನೀರು ಕುಡಿದು ಬಂದು ನೋಡ್ತಾರೆ, ಲೆಕ್ಕವೆಲ್ಲ ಅಡ್ಡಾದಿಡ್ಡಿ! ದಿಬ್ಬದ ತಾಯಿ ಪೆಟ್ಟಿಗೆ ಹೊಲಕ್ಕೇ ಬಂದು ನಿಂತಿದೆ!

"ಒಟ್ಟಿಗಿರಬೇಕು ಅಂದ್ರಲ್ಲ ಸ್ವಾಮಿ! ತಾಯೀನ ಮರಿ ಪಕ್ಕಕ್ಕೇ ತಂದೆ!"

"ತಾಯಿ ಅಲ್ಲಾಡಿದ್ರೆ ಅಳತೆ ಸತ್ತಂಗೆ ಕಣೋ! ಇಟ್ಟ ಜಾಗದಿಂದ ಕೂದಲೆಳೆ ಕದಲಕೂಡದು! ಯಾರು ಬಂದ್ರೂ! ನಾನೇ ಬಂದ್ರೂ!"

"ಆಗ್ಲಿ ಸ್ವಾಮಿ!"

ತಾಯಿ ಪೆಟ್ಟಿಗೆ ದಿಬ್ಬಕ್ಕೆ ಹೋಯಿತು, ಕಾವಲಿಗೆ ಹೊನ್ನಾಜಮ್ಮನೇ ಕೂತಳು. ಮತ್ತೆ ಮೊದಲಿಂದ ಅಳತೆ. ಮರಿಲಿಂಗ ಕೋಲು ಹಿಡಿದು ನಡೆದ, ನಡೆದ, ಬದು ದಾಟಿ ಪಟೇಲನ ಕಡ್ಲೇಕಾಯಿ ಹೊಲದೊಳಕ್ಕೇ ನಡೆದ. ಹತ್ತು ಮಾರು ಹೋದಾಗ ಮೆಷಿನ್ ಟೀಂಯ್ ಅಂತು.

"ನಿಲ್ಲು! ಅದೇ ಎಲ್ಲೆ!" ಸರ್ವೆಯರು ಬರೆದುಕೊಂಡರು.

ಪಟೇಲ ಓಡಿ ಬಂದ. "ಇಳಿಯೋ ನನ್ನ ಹೊಲದಿಂದ!"

"ಕದಲಲ್ಲ!"

ತಳ್ಳಿದ. ಎಳೆದ. ಆಳುಗಳನ್ನು ಕರೆಸಿ ಎಳೆಸಿದ. ಊಹೂಂ!

ಸರ್ವೆಯರು ಕಲ್ಲು ಹೊರಿಸಿಕೊಂಡು ಬಂದರು. "ಸಾಕು ಸರಿಯಪ್ಪ, ಕಲ್ಲು ನೆಡಬೇಕು."

"ನೀವೇ ಬಂದ್ರೂ ಕದಲಬೇಡ ಅಂದೋರು ನೀವೇ ಅಲ್ವಾ ಸ್ವಾಮಿ? ಕದಲಲ್ಲ!"

ಬೈದರು, ಬೇಡಿದರು, ಕೈ ಮುಗಿದರು. ಕೊನೆಗೆ ಸುಣ್ಣದ ಬಕೆಟ್ಟು ಅವನ ಮುಂದೆ ಕುಕ್ಕಿದರು. "ಕಲ್ಲು ನಾಳೆ ನೆಡ್ತೀನಿ. ಅಲ್ಲೀತನ್ಕ ಎಲ್ಲೆ ಕಾಣೋ ಹಂಗೆ ಸುಣ್ಣನಾದ್ರೂ ಬಳಿದು ಸಾಯಿ!"

"ಆಗ್ಲಿ ಸ್ವಾಮಿ!"

ಎಲ್ಲೆ ಹಿಡಿದು ನಿಂತವನು ತಾನು. ನೆತ್ತಿಯಿಂದ ಹಿಮ್ಮಡಿವರೆಗೆ ತನಗೇ ಬಳಿದುಕೊಂಡ!

ಹೊನ್ನಾಜಮ್ಮ ಮುದ್ದೆ ತಂದಳು. ಬೆಳ್ಳಗೆ ನಿಂತ ಮಗನನ್ನು ನೋಡಿದಳು. ಆವತ್ತು ಹಣೆ ಚಚ್ಚಿಕೊಳ್ಳಲಿಲ್ಲ.

"ಉಣ್ಣು ಬಾ ಮಗ."

"ಎಲ್ಲೆ ಕಲ್ಲು ಎಲ್ಲಾದ್ರೂ ಉಣ್ತದಾ ಅವ್ವ?"

ಪಟೇಲನಿಗೆ ಕೇಳಲೆಂದೇ ಹೊನ್ನಾಜಮ್ಮ ಗಂಟಲು ಹರಿದು ಕೂಗಿದಳು: "ನಮ್ಮ ಹೊಲದ ಕಲ್ಲು ಉಣ್ತದೆ ಕಣ್ಲಾ! ಬಾಯಿ ತೆಗಿ!"