ಬೆನ್ನ ಮೇಲಿನ ಮಗು

"ಗುರುಗಳೇ, ನಮ್ಮ ವಿದ್ಯೆಯ ಮೂಲಗುರು ಯಾರು?" ಎಂದು ಶಿಷ್ಯ ಕೇಳಿದ. "ಆಚೆ ದಡದ ಗರಡಿಯವರು ತಮ್ಮ ಪರಂಪರೆಯ ಒಂದೊಂದು ಹೆಸರನ್ನೂ ಹೇಳುತ್ತಾರೆ. ನನ್ನನ್ನು ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಚೀನಾದ ದಕ್ಷಿಣದಲ್ಲಿ, ನದಿ ಕಡಲನ್ನು ಸೇರುವ ಕಡೆ, ಲಾಯ್‌ಹಾ ಎಂಬ ಹೆಂಗಸು ದೋಣಿ ನಡೆಸುತ್ತಿದ್ದಳು. ದೋಣಿಯೇ ಅವಳ ಮನೆ. ಗಂಡನನ್ನು ನದಿಗಳ್ಳರು ಕೊಂದಿದ್ದರು. ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಹುಟ್ಟು ಹಾಕುತ್ತಿದ್ದಳು.

ಒಮ್ಮೆ ಉತ್ತರದ ಕಡೆಯ ಮುದುಕನೊಬ್ಬ ಜ್ವರ ಬಂದು ದಡದಲ್ಲಿ ಬಿದ್ದಿದ್ದ. ಲಾಯ್‌ಹಾ ಅವನನ್ನು ದೋಣಿಗೆ ಹತ್ತಿಸಿಕೊಂಡು, ಗಂಜಿ ಕುಡಿಸಿ ಬದುಕಿಸಿದಳು. ಅವನು ಕಾಳಗದ ವಿದ್ಯೆಯಲ್ಲಿ ನುರಿತವನು. ಅವನ ಶಿಷ್ಯರೆಲ್ಲ ಯುದ್ಧದಲ್ಲಿ ಸತ್ತಿದ್ದರು. ತನ್ನ ವಿದ್ಯೆ ತನ್ನೊಂದಿಗೇ ಮಣ್ಣಾಗುತ್ತದೆ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

"ನಿನಗೆ ನಾನೇನು ಕೊಡಲಿ, ತಾಯಿ?" ಎಂದು ಅವನು ಕೇಳಿದ.

"ಆ ಕಳ್ಳರು ದೋಣಿಗಾಗಿ ಮತ್ತೆ ಬರುತ್ತಾರೆ, ಅಜ್ಜ. ನನಗೆ ನಿನ್ನ ವಿದ್ಯೆ ಕಲಿಸು," ಎಂದಳು ಲಾಯ್‌ಹಾ. "ಮಗುವನ್ನು ಇಳಿಸಿ ಬಾ ಎನ್ನಬೇಡ. ಅವರು ಬಂದಾಗ ಇದು ನನ್ನ ಬೆನ್ನ ಮೇಲೇ ಇರುತ್ತದೆ."

ಮುದುಕ ಪೇಚಿಗೆ ಸಿಕ್ಕಿದ. ಮೇಲಕ್ಕೆ ನೆಗೆದು, ಗಾಳಿಯಲ್ಲೇ ತಿರುಗಿ ಒದೆಯುವುದು ಅವನ ವಿದ್ಯೆಯ ಹೆಮ್ಮೆ. ಆ ವರಸೆಯನ್ನು ಅವನ ಗುರು ಸಾಯುವ ಮುನ್ನ ಕೈಹಿಡಿದು ಒಪ್ಪಿಸಿದ್ದ. ಲಾಯ್‌ಹಾ ಒಮ್ಮೆ ನೆಗೆದಳು. ಮಗು ಬೆಚ್ಚಿ ಚೀರಿತು. ಮುದುಕ ಆ ವರಸೆಯನ್ನು ಬಿಟ್ಟ. ತೋಳು ಬೀಸಿದರೆ ಮಗುವನ್ನು ಕಟ್ಟಿದ ಬಟ್ಟೆ ಜಗ್ಗುತ್ತಿತ್ತು. ಬೀಸುವುದನ್ನು ಬಿಟ್ಟು, ಮೊಣಕೈ ಪಕ್ಕೆಗೆ ತಾಗಿಸಿಕೊಂಡೇ ಹೊಡೆಯಲು ಕಲಿಸಿದ. ಬೆನ್ನು ತಿರುಗಿಸಿದರೆ ಏಟು ಮಗುವಿಗೆ ಬೀಳುತ್ತದೆ. ತಿರುಗುವ ಹೆಜ್ಜೆಗಳೂ ಹೋದವು. ಒಂದೊಂದನ್ನು ಬಿಡುವಾಗಲೂ ಸತ್ತ ಗುರುವಿಗೆ ದ್ರೋಹ ಬಗೆದಂತೆ ಅವನ ಎದೆ ನೋಯುತ್ತಿತ್ತು. ಮಗುವಿನ ಮುಖ ನೋಡಿದರೆ ಮಾತ್ರ ಮನಸ್ಸು ತಾನಾಗಿ ಮೆತ್ತಗಾಗುತ್ತಿತ್ತು.

ಕಡೆಗೆ ಕಳ್ಳರು ಬಂದರು. ಮುದುಕ ಅಡ್ಡ ಹೋಗಲು ಎದ್ದ. ಕಾಲಿನಲ್ಲಿ ಬಲವಿರಲಿಲ್ಲ. ಲಾಯ್‌ಹಾ ಅವನನ್ನು ಹಿಂದೆ ಸರಿಸಿ ದೋಣಿಯ ನಡುವೆ ನಿಂತಳು. ಹತ್ತಿ ಬಂದವರನ್ನು ಒಬ್ಬೊಬ್ಬರಾಗಿ ನೀರಿಗೆ ಕೆಡವಿದಳು. ಉಳಿದವರು ತಮ್ಮ ದೋಣಿ ತಿರುಗಿಸಿಕೊಂಡು ಓಡಿದರು.

ಮುದುಕ ಅವಳ ಬೆನ್ನಿನ ಬಟ್ಟೆ ಸರಿಸಿ ನೋಡಿದ. ಮಗು ಹೆಬ್ಬೆರಳು ಚೀಪುತ್ತ ಮಲಗಿತ್ತು. ಅವನು ಅಲ್ಲೇ ಕುಸಿದು ಕುಳಿತು, ಬಹಳ ಹೊತ್ತು ಅತ್ತ.

ಅವನು ಮತ್ತೆ ಉತ್ತರಕ್ಕೆ ಹೋಗಲಿಲ್ಲ. ಆ ಮಗುವಿಗೆ ಅಜ್ಜನಾಗಿ ದೋಣಿಯಲ್ಲೇ ಬಾಳಿ, ದೋಣಿಯಲ್ಲೇ ಕಣ್ಣು ಮುಚ್ಚಿದ. ಲಾಯ್‌ಹಾಳಿಂದ ಆ ವಿದ್ಯೆ ನದಿಯುದ್ದಕ್ಕೂ ಹಬ್ಬಿತು. ನಮ್ಮ ಕೈಗೆ ಬಂದಿರುವುದು ಅದೇ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಹಾಗಾದರೆ ನಮ್ಮ ಮೂಲಗುರು ಆ ಅಜ್ಜನೋ, ಲಾಯ್‌ಹಾಳೋ?"

"ಅವರಿಬ್ಬರಿಗೂ ಕಲಿಸಿದ್ದು ಆ ಮಗು," ಎಂದರು ಗುರುಗಳು.