ಕೈ ಕುಲುಕದ ಸೂಲಗಿತ್ತಿ

ಡೆನ್ಮಾರ್ಕ್ ದೇಶದ ಒಂದು ಬಂದರು ಊರಿನಲ್ಲಿ ಥೋರಾ ಎಂಬ ಸೂಲಗಿತ್ತಿ ಇದ್ದಳು. ವಯಸ್ಸು ಐವತ್ತೆರಡು. ಊರಿನ ಅರ್ಧ ಮಕ್ಕಳು ಆಕೆಯ ಕೈಯಲ್ಲೇ ಹುಟ್ಟಿದವರು. ಯಾವ ಹೊತ್ತಿನಲ್ಲಿ ಸೈಕಲ್ ಹತ್ತಿ ಹೊರಟರೂ ಎಲ್ಲಿಗೆ ಹೊರಟಿರಿ ಎಂದು ಯಾರೂ ಆಕೆಯನ್ನು ಕೇಳುತ್ತಿರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಜರ್ಮನ್ ಸೈನ್ಯ ಆ ಪುಟ್ಟ ದೇಶವನ್ನು ಹಿಡಿದುಕೊಂಡು ಐದನೆಯ ವರ್ಷ ನಡೆಯುತ್ತಿತ್ತು. ಥೋರಾಳ ಚೀಲದಲ್ಲಿ ಕತ್ತರಿ, ಹತ್ತಿ, ಸೋಪು ಇರುತ್ತಿದ್ದವು. ತುರುಬಿನೊಳಗೆ ಮಾತ್ರ ಬೇರೆಯೇ ಒಂದು ವಸ್ತು ಇರುತ್ತಿತ್ತು. ಉಗುರಿನಷ್ಟು ಸಣ್ಣಗೆ ಮಡಿಸಿದ ಒಂದು ಚೀಟಿ. ಬಂದರಿಗೆ ಶತ್ರುವಿನ ಯಾವ ಹಡಗು ಬಂತು, ಏನು ಹೇರಿಕೊಂಡು ಎತ್ತ ಹೊರಟಿತು ಎಂಬ ಸುದ್ದಿ ಅದರಲ್ಲಿರುತ್ತಿತ್ತು. ಅದನ್ನು ಆಕೆ ಒಂದು ಮನೆಯ ಅಟ್ಟಕ್ಕೆ ಮುಟ್ಟಿಸುತ್ತಿದ್ದಳು. ಅಲ್ಲಿ ಬಚ್ಚಿಟ್ಟ ವೈರ್‌ಲೆಸ್ ಯಂತ್ರದಿಂದ ಸುದ್ದಿ ಸಮುದ್ರ ದಾಟಿ ಇಂಗ್ಲೆಂಡ್ ಸೇರುತ್ತಿತ್ತು.

ಆ ಮನೆಯಲ್ಲಿ ಒಬ್ಬ ತಾಯಿ, ಮೂವರು ಮಕ್ಕಳು. ಮೂರು ಹೆರಿಗೆಯನ್ನೂ ಮಾಡಿಸಿದ್ದು ಥೋರಾಳೇ. ಆಕೆ ಸಿಕ್ಕಿಬಿದ್ದರೆ ಆ ಮನೆಯೂ ಸಿಕ್ಕಿಬಿದ್ದಂತೆ. ಪೆಟ್ಟು ತಿನ್ನುತ್ತಾ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಬಲ್ಲೆ ಎಂಬುದು ಥೋರಾಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತು ಎಂದು ಜಂಬ ಕೊಚ್ಚುವವರನ್ನು ಆಕೆ ಹತ್ತಿರ ಸೇರಿಸುತ್ತಲೂ ಇರಲಿಲ್ಲ.

ಚೀಟಿ ಬರೆಯುತ್ತಿದ್ದವಳು ಎಲ್ನಾ. ಬಂದರು ಕಚೇರಿಯಲ್ಲಿ ಟೈಪಿಸ್ಟ್, ಇಪ್ಪತ್ತೆರಡರ ಹುಡುಗಿ, ಶಾಲೆಯ ಮೇಷ್ಟರ ಮಗಳು. ಆಕೆಯ ವಿನಯದ ಬಗ್ಗೆ ಏನು ಹೇಳಲಿ, ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೇ "ಕ್ಷಮಿಸಿ" ಅನ್ನುವವಳು. ಅವಳಿಗೆ ಈ ಕೆಲಸ ಕಲಿಸಿದ ಗುರು ಥೋರಾ. ಬೆಳಗ್ಗೆ ಮೀನು ಮಾರುಕಟ್ಟೆಯ ಮುಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ಎಲ್ನಾ ಸೈಕಲ್ ನಿಲ್ಲಿಸಿ, ಚೀಟಿಯನ್ನು ಸೀಟಿನ ಅಡಿಗೆ ಸಿಕ್ಕಿಸಿ ಹೋಗುವಳು. ಐದು ನಿಮಿಷ ಬಿಟ್ಟು ಥೋರಾ ಪಕ್ಕದಲ್ಲೇ ತನ್ನ ಸೈಕಲ್ ನಿಲ್ಲಿಸಿ ಅದನ್ನು ತೆಗೆದುಕೊಳ್ಳುವಳು. ಮಾತಿಲ್ಲ, ಕಥೆಯಿಲ್ಲ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಆದರೆ ಆ ದೇಶದ ಜನ ಮರ್ಯಾದೆಗೆ ಹೆಸರಾದವರು. ಹಿಂದೆ ಒಂದು ಸಲ ಜೊತೆಯಲ್ಲಿ ಕೂತು ಕಾಫಿ ಕುಡಿದವರು ಮತ್ತೆ ಎದುರಾದರೆ "ಕಳೆದ ಸಲದ್ದಕ್ಕೆ ಧನ್ಯವಾದ" ಎನ್ನಲೇಬೇಕು. ನಾವು "ಊಟ ಆಯ್ತಾ" ಅನ್ನುವುದಿಲ್ಲವೇ, ಹಾಗೆ, ತಾನಾಗಿ ಬಾಯಿಗೆ ಬರುವ ಮಾತು. ಇನ್ನು ಗುರುತಿಲ್ಲದವರು ಒಂದು ಕೋಣೆಯಲ್ಲಿ ಸೇರಿದರೆ ಒಳಗೆ ಬಂದವರು ಕೂತವರ ಬಳಿಗೆ ಒಬ್ಬೊಬ್ಬರಾಗಿ ಹೋಗಿ, ಕೈ ಕುಲುಕಿ, ತಮ್ಮ ಹೆಸರು ಹೇಳಬೇಕು.

ಥೋರಾಳಿಗೆ ಭಯವಿದ್ದದ್ದು ಇದರದೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಎರಡನೆಯ ದಿನವೇ ಎಲ್ನಾ ಬೀದಿಯಲ್ಲಿ ಆಕೆಯನ್ನು ಕಂಡು ಮುಗುಳ್ನಕ್ಕು ತಲೆ ಬಾಗಿಸಿಬಿಟ್ಟಳು. ಸಂಜೆ ಥೋರಾ ಅವಳನ್ನು ಕರೆದು ಚೆನ್ನಾಗಿ ಬೈದಳು.

"ಇವತ್ತಿಂದ ನಾನು ನಿನಗೆ ಯಾರೂ ಅಲ್ಲ. ನೋಡಬಾರದು, ನಗಬಾರದು, ಮಾತಾಡಬಾರದು. ಬೀದಿಯಲ್ಲಿ ನಾನು ಬಿದ್ದರೂ ನೀನು ಎತ್ತಬಾರದು. ತಿಳೀತಾ?"

"ತಿಳೀತು, ಅಮ್ಮ."

ತಿಳಿಯಿತೋ ಇಲ್ಲವೋ ಎಂದು ಥೋರಾ ಪರೀಕ್ಷೆ ಮಾಡಿಯೇ ನೋಡಿದಳು. ಒಂದು ಬೆಳಗ್ಗೆ ಮೀನು ಮಾರುಕಟ್ಟೆಯ ಮುಂದೆ, ಎಲ್ನಾಳ ಕಣ್ಣೆದುರಿಗೇ, ಬೇಕೆಂದೇ ಸೈಕಲ್ಲಿನಿಂದ ಬಿದ್ದಳು. ಮಂಡಿ ತರಚಿ ರಕ್ತ ಬಂತು. ಸುತ್ತಲಿದ್ದವರೆಲ್ಲ ಓಡಿ ಬಂದರು. ಎಲ್ನಾ ಮಾತ್ರ ತಲೆ ತಗ್ಗಿಸಿ ಅವರನ್ನು ದಾಟಿ ಹೋದಳು. ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ.

"ಏನ್ ಹುಡುಗೀನಮ್ಮ ಇವಳು! ಮೇಷ್ಟರ ಮಗಳಂತೆ! ಮನಸ್ಸಲ್ಲ, ಕಲ್ಲು," ಎಂದಳು ಮೀನು ಮಾರುವಾಕೆ ಗಟ್ಟಿಯಾಗಿ. ಅಲ್ಲಿದ್ದವರೆಲ್ಲ ತಿರುಗಿ ಎಲ್ನಾಳನ್ನೇ ನೋಡಿದರು.

ಥೋರಾಳಿಗೆ ಖುಷಿಯೋ ಖುಷಿ. ಶಿಷ್ಯೆ ಗೆದ್ದಳು ಎಂದುಕೊಂಡಳು. ಎಲ್ನಾಳಿಗೆ ಮಾತ್ರ ಖುಷಿಯಾಗಲಿಲ್ಲ. ಅಷ್ಟು ಜನರಲ್ಲಿ ಎಲ್ಲರ ಕಣ್ಣಿಗೆ ಬಿದ್ದವಳು ನಾನೊಬ್ಬಳೇ ಅಲ್ಲವೇ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು. ಗುರುವಿಗೆ ಎದುರಾಡುವ ಅಭ್ಯಾಸವಿಲ್ಲದ್ದರಿಂದ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಿತ್ತು ಅಂತ ನನಗನ್ನಿಸುತ್ತದೆ.

ಫೆಬ್ರವರಿ ತಿಂಗಳಲ್ಲಿ ಯಾರೋ ಚಾಡಿ ಹೇಳಿದರು. ಮೀನು ಮಾರುಕಟ್ಟೆಯ ಸೈಕಲ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಏನೋ ಇಡುತ್ತಾಳೆ, ಇನ್ನೊಬ್ಬಳು ಒಯ್ಯುತ್ತಾಳೆ ಎಂಬಷ್ಟೇ ಸುದ್ದಿ. ಯಾರು, ಏನು ಎಂದು ಚಾಡಿಕೋರನಿಗೂ ಗೊತ್ತಿರಲಿಲ್ಲ. ಜರ್ಮನ್ ಪೊಲೀಸರು ಬಂದು, ಆ ಬೆಳಗ್ಗೆ ಅಲ್ಲಿ ಸೈಕಲ್ ನಿಲ್ಲಿಸಿದ್ದ ನಾಲ್ವರು ಹೆಂಗಸರನ್ನು ಬೇರೆ ಬೇರೆ ಲಾರಿಗಳಿಗೆ ಹತ್ತಿಸಿದರು. ಬೆಣ್ಣೆ ಅಂಗಡಿಯಾಕೆ, ಒಬ್ಬ ದರ್ಜಿ ಹೆಂಗಸು, ಎಲ್ನಾ, ಥೋರಾ. ಚೀಲ, ಜೇಬು ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಆ ದಿನದ ಚೀಟಿ ಆಗಲೇ ಥೋರಾಳ ತುರುಬಿನೊಳಗಿತ್ತು. ಇನ್ನೊಂದು ಸಲ ಹುಡುಕಿದರೆ ತುರುಬು ಬಿಚ್ಚುವುದು ಖಂಡಿತ.

ಪೊಲೀಸರ ಕೈಕೆಳಗೆ ಐಗಿಲ್ ಎಂಬವನಿದ್ದ. ಅವನೂ ಅದೇ ದೇಶದವನು, ಹೆತ್ತ ನೆಲವನ್ನು ಮಾರಿಕೊಂಡವನು. ತನ್ನ ಜನರ ನಡತೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಹೊಡೆಯುವುದು ಆಮೇಲೆ. ಮೊದಲು ನಾಲ್ವರನ್ನೂ ಒಂದೇ ಕೋಣೆಗೆ ಒಬ್ಬೊಬ್ಬರಾಗಿ ಬಿಡಿ. ಗುರುತು ಇರುವವರು ಯಾರು, ಇಲ್ಲದವರು ಯಾರು ಎಂದು ನಾನು ನೋಡುತ್ತೇನೆ," ಎಂದು ಅವನು ಮೇಲಧಿಕಾರಿಗೆ ಹೇಳಿದ.

ಮೊದಲು ಎಲ್ನಾಳನ್ನು ಒಳಗೆ ಬಿಟ್ಟರು. ಆರು ಕುರ್ಚಿ, ಒಂದು ಕಿಟಕಿ. ಮೂಲೆಯಲ್ಲಿ ಒಬ್ಬ ಗಂಡಸು ಮುಖಕ್ಕೆ ಅಡ್ಡವಾಗಿ ಪತ್ರಿಕೆ ಹಿಡಿದು ಕೂತಿದ್ದ, ತಾನೂ ವಿಚಾರಣೆಗೆ ಬಂದವನ ಹಾಗೆ. ಅವನ ಕೈ ಕುಲುಕಿ ಹೆಸರು ಹೇಳುವಾಗ ಎಲ್ನಾ ಅವನ ಕಾಲು ನೋಡಿದಳು. ಹೊಚ್ಚ ಹೊಸ ಚರ್ಮದ ಬೂಟು. ಆ ವರ್ಷ ಊರಿನಲ್ಲಿ ಚರ್ಮವೇ ಇರಲಿಲ್ಲ. ದೊಡ್ಡ ಮನೆತನದವರೂ ಮರದ ಅಟ್ಟೆಯ ಜೋಡು ಮೆಟ್ಟಿ ಟಕಟಕ ನಡೆಯುತ್ತಿದ್ದರು. ಇವನು ವಿಚಾರಣೆಗೆ ಬಂದವನಲ್ಲ, ನಮ್ಮನ್ನು ನೋಡಲು ಕೂತವನು ಎಂದು ಅವಳಿಗೆ ಹೊಳೆಯಿತು. ಕಾಲಿನ ಬಲವೇ ಹೋಯಿತು. ಕುಸಿದಂತೆ ಕುರ್ಚಿಯಲ್ಲಿ ಕೂತಳು.

ಬೆಣ್ಣೆ ಅಂಗಡಿಯಾಕೆ ಬಂದಳು. ಹೆದರಿ ಬಿಳಿಚಿಕೊಂಡಿದ್ದರೂ ಕೈ ಚಾಚಿದಳು, ಹೆಸರು ಹೇಳಿದಳು, ಕೂತಳು. ದರ್ಜಿ ಹೆಂಗಸು ಬಂದಳು. ಅವಳೂ ಹಾಗೆಯೇ ಎಲ್ಲರ ಕೈ ಕುಲುಕಿದಳು, ಮೂಲೆಯ ಗಂಡಸನ್ನೂ ಬಿಡಲಿಲ್ಲ. ಯಮನ ಬಾಗಿಲಿಗೆ ಹೋದರೂ ದ್ವಾರಪಾಲಕನಿಗೆ ನಮಸ್ಕಾರ ಹೇಳಿಯೇ ಒಳಗೆ ಹೋಗುವ ಜನ ಅದು.

ಆಮೇಲೆ ಥೋರಾ ಬಂದಳು. ಬೆಣ್ಣೆ ಅಂಗಡಿಯಾಕೆಯ ಕೈ ಕುಲುಕಿದಳು. ದರ್ಜಿ ಹೆಂಗಸಿನ ಕೈ ಕುಲುಕಿದಳು. ಮೂರನೆಯ ಕುರ್ಚಿಯಲ್ಲಿ ಎಲ್ನಾ. ಥೋರಾಳ ಕಣ್ಣು ಅವಳ ಮೇಲೆ ಬಿತ್ತು, ತಾನು ಕಲಿಸಿದ ಪಾಠ ನೆನಪಾಯಿತು. ನೋಡಬಾರದು, ಮಾತಾಡಬಾರದು. ಥೋರಾ ಅರ್ಧದಲ್ಲೇ ತಿರುಗಿ, ದೂರದ ಕುರ್ಚಿಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಳು.

ಪತ್ರಿಕೆ ಎರಡು ಬೆರಳಿನಷ್ಟು ಕೆಳಗೆ ಇಳಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪತ್ರಿಕೆಯ ಹಿಂದೆ ಐಗಿಲ್ ಕಾದು ಕೂತಿದ್ದದ್ದು ಇಂಥದ್ದಕ್ಕೇ. ಯಾರು ಯಾರನ್ನು ಮಾತಾಡಿಸುತ್ತಾರೆ ಎಂಬುದು ಅವನಿಗೆ ಬೇಕಿರಲಿಲ್ಲ, ಯಾರು ಯಾರನ್ನು ಬಿಟ್ಟು ಮುಂದೆ ಹೋಗುತ್ತಾರೆ ಎಂಬುದು ಬೇಕಿತ್ತು.

ಎಲ್ನಾಳಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಆ ತುರುಬು, ಆ ಅಟ್ಟ, ಆ ಮನೆಯ ಮಕ್ಕಳು. ಗುರುವಿನ ಮಾತು ಮೀರಬಾರದು. ಆದರೆ ಮೀರದಿದ್ದರೆ ಗುರು ಉಳಿಯುವುದಿಲ್ಲ. ಮೀನು ಮಾರುಕಟ್ಟೆಯಲ್ಲಿ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದ ಆ ಬೆಳಗ್ಗೆ ಅವಳಿಗೆ ನೆನಪಾಯಿತು. ನನಗೆ ಈಕೆ ನಿಜವಾಗಿಯೂ ಗುರುತಿಲ್ಲದವಳಾಗಿದ್ದರೆ ಈಗ ನಾನು ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ಎದ್ದು ನಿಂತಳು. ಕೋಣೆ ದಾಟಿ ಥೋರಾಳ ಮುಂದೆ ಹೋಗಿ ಕೈ ಚಾಚಿದಳು.

"ನಮಸ್ಕಾರ ಅಮ್ಮ. ನಾನು ಎಲ್ನಾ ರಾವ್ನ್. ಹಿರಿಯರು ಬಂದಾಗ ಎದ್ದು ನಿಲ್ಲಬೇಕಿತ್ತು, ಕೂತೇ ಇದ್ದೆ. ಅದಕ್ಕೇ ನಿಮಗೆ ಬೇಜಾರಾಯಿತೇನೋ. ಕಾಲು ನಡುಗುತ್ತಿತ್ತು, ಏಳುವುದಕ್ಕೆ ಆಗಲಿಲ್ಲ. ತಪ್ಪು ತಿಳೀಬೇಡಿ."

ಥೋರಾಳ ಕೈ ಒಂದು ಕ್ಷಣ ಮೇಲೇಳಲಿಲ್ಲ. ಅಷ್ಟು ಉದ್ದದ ಕ್ಷಣವನ್ನು ಅವರಿಬ್ಬರೂ ಜನ್ಮವೆಲ್ಲ ಮರೆಯಲಿಲ್ಲ. ಆಮೇಲೆ ಆಕೆ ಕೈ ಹಿಡಿದಳು.

"ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ," ಎಂದಳು ಗಡುಸಾಗಿ. "ಈಗಿನ ಹುಡುಗಿಯರಿಗೆ ಹಿರಿಯರು ಅಂದರೆ ಲೆಕ್ಕವೇ ಇಲ್ಲ ಅಂದುಕೊಂಡೆ. ನಾನು ಥೋರಾ ಲುಂಡ್ಬಿ, ಸೂಲಗಿತ್ತಿ. ರಾವ್ನ್ ಅಂದರೆ ಪಾದ್ರಿಗಳ ಮನೆಯವರಾ ನೀವು?"

"ಅಲ್ಲ ಅಮ್ಮ, ಶಾಲೆ ಮೇಷ್ಟರ ಮಗಳು."

"ಓ, ಅವರ ಮಗಳಾ. ಅಪ್ಪನವರಿಗೆ ಕೆಮ್ಮು ಇತ್ತಂತಲ್ಲ, ಈಗ ಹೇಗಿದ್ದಾರೆ?"

ಬೆಣ್ಣೆ ಅಂಗಡಿಯಾಕೆ ಕೆಮ್ಮಿಗೆ ಒಂದು ಮದ್ದು ಹೇಳಿದಳು. ದರ್ಜಿ ಹೆಂಗಸು ಆ ಮದ್ದಿನಿಂದ ಏನೂ ಆಗುವುದಿಲ್ಲ ಎಂದಳು. ಮೂಲೆಯಲ್ಲಿ ಪತ್ರಿಕೆ ಮತ್ತೆ ಮೇಲಕ್ಕೆ ಹೋಯಿತು.

ಮಧ್ಯಾಹ್ನ ಮೂವರನ್ನು ಮನೆಗೆ ಕಳುಹಿಸಿದರು. ಎಲ್ನಾಳನ್ನು ಮಾತ್ರ ಐಗಿಲ್ ತಡೆದು ನಿಲ್ಲಿಸಿದ.

"ಕಾಲು ನಡುಗುತ್ತಿತ್ತು ಅಂದೆಯಲ್ಲ. ತಪ್ಪು ಮಾಡದವಳ ಕಾಲು ಯಾಕೆ ನಡುಗುತ್ತೆ?"

"ನಿಮ್ಮ ಠಾಣೆ ಬಾಗಿಲಿಗೆ ಬಂದರೆ ಯಾರ ಕಾಲು ನಡುಗುವುದಿಲ್ಲ ಸ್ವಾಮಿ?" ಎಂದಳು ಎಲ್ನಾ.

ಒಳ್ಳೆಯ ಉತ್ತರವೇ. ಆದರೆ ಅವನಿಗೆ ಅಷ್ಟು ಸಾಕಾಗಲಿಲ್ಲ. ಗುರುವಿನ ತಪ್ಪನ್ನು ಮುಚ್ಚಲು ಹೇಳಿದ ಆ ಒಂದು ಮಾತಿಗಾಗಿ ಎಲ್ನಾ ಹನ್ನೊಂದು ವಾರ ಸೆರೆಯಲ್ಲಿದ್ದಳು. ಹೊಡೆದರು. ಉಪವಾಸ ಕೆಡವಿದರು. ತುರುಬಿನ ಗುಟ್ಟು, ಅಟ್ಟದ ಗುಟ್ಟು, ಸೂಲಗಿತ್ತಿಯ ಹೆಸರು ಅವಳ ಬಾಯಿಂದ ಬರಲಿಲ್ಲ. ತುರುಬಿನಲ್ಲಿದ್ದ ಚೀಟಿಯ ಸುದ್ದಿ ಆ ದಿನವೇ ಸಮುದ್ರ ದಾಟಿತ್ತು. ಆಮೇಲೂ ವಾರಕ್ಕೆ ಮೂರು ಸಲ ದಾಟುತ್ತಲೇ ಇತ್ತು.

ಮೇ ತಿಂಗಳಲ್ಲಿ ಯುದ್ಧ ಮುಗಿದು ಸೆರೆಮನೆಯ ಬಾಗಿಲು ತೆರೆಯಿತು. ಎಲ್ನಾ ಹೊರಗೆ ಬಂದಾಗ ತಲೆಗೂದಲು ಇರಲಿಲ್ಲ, ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಟೈಪ್ ಮಾಡುವ ಬೆರಳುಗಳು. ಬಾಗಿಲಲ್ಲಿ ಥೋರಾ ನಿಂತಿದ್ದಳು. ಆಕೆಯ ಜೊತೆ ಇಬ್ಬರು ಹುಡುಗಿಯರಿದ್ದರು. ಎಲ್ನಾ ಒಳಗಿದ್ದಾಗ ಅವಳ ಕೆಲಸ ಮಾಡಿದವರು ಅವರೇ.

ಥೋರಾ ಆ ಹುಡುಗಿಯರ ಮುಂದೆಯೇ ಮಾತಾಡಿದಳು. "ಇವಳಿಗೆ ನಾನು ಕಲಿಸಿದ್ದು ತಪ್ಪು ಪಾಠ. ಅವತ್ತು ಆ ಪಾಠದಂತೆ ನಡೆದವಳು ನಾನು, ಸೆರೆಗೆ ಹೋದವಳು ಇವಳು. ನಿಮಗಿಬ್ಬರಿಗೂ ನಾನು ಇವಳ ಪಾಠವನ್ನೇ ಕಲಿಸಿದ್ದು, ಗುರುತಿಲ್ಲದವರ ಜೊತೆ ಹೇಗೋ ನನ್ನ ಜೊತೆಯೂ ಹಾಗೇ ಇರಿ ಅಂತ. ನೀವು ಬದುಕಿದ್ದೀರಿ."

ಎಲ್ನಾ ಕೈ ಚಾಚಿದಳು. ಥೋರಾ ಆ ಮಡಚದ ಬೆರಳುಗಳನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡು ಅತ್ತಳು. ಊರೆಲ್ಲ ನೋಡುತ್ತಿತ್ತು, ನೋಡಲಿ ಎಂದು ಬಿಟ್ಟಳು.

ನೀತಿ: ಗುರು ಹೇಳಿದ ನಿಯಮವನ್ನು ಬಾಯಿಪಾಠ ಮಾಡಿದರೆ ಸಾಲದು, ಅದು ಯಾರನ್ನು ಕಾಯಲು ಇದೆ ಎಂದು ತಿಳಿದಿರಬೇಕು. ಕಾಯಬೇಕಾದವರನ್ನೇ ಅದು ಕೊಲ್ಲಲು ಹೊರಟಾಗ ನಿಯಮ ಬಿಟ್ಟು ಅವರನ್ನು ಉಳಿಸಿಕೊಳ್ಳಬೇಕು. ಅದಕ್ಕೆ ತೆರಬೇಕಾದ ಬೆಲೆಯನ್ನೂ ತಾನೇ ತೆರಬೇಕು. ಮತ್ತೆ, ಮಕ್ಕಳೇ, ಇದು ನಿಮಗಲ್ಲ, ನಮ್ಮಂಥ ದೊಡ್ಡವರಿಗೆ: ತಪ್ಪು ಪಾಠ ಹೇಳಿಕೊಟ್ಟಿದ್ದರೆ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು.