ಎಡಗೆನ್ನೆ

“ಗುರುಗಳೇ, ನಾನು ಒಂದು ದೀಪ ಸರಿಹೊಂದಿಸುವಷ್ಟರಲ್ಲಿ ಕೃತಕ ಬುದ್ಧಿಯ ಯಂತ್ರ ಇಪ್ಪತ್ತು ಚಿತ್ರ ಮಾಡಿ ಮುಗಿಸುತ್ತದೆ. ಅದಕ್ಕೆ ಮನುಷ್ಯ ಎದುರಿಗೆ ಬಂದು ಕೂರುವುದೂ ಬೇಕಿಲ್ಲ. ಕ್ಯಾಮೆರಾ ಮಾರಿಬಿಡಲೇ?” ಎಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಒಂದು ಬೆಳಿಗ್ಗೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಅವನಲ್ಲಿಗೆ ಬಂದಳು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಹುಡುಗಿಯ ಎಡಗೆನ್ನೆಯ ತುಂಬ ಸುಟ್ಟ ಕಲೆ ಇತ್ತು.

ಹಿಂದಿನ ಸಲ ತಾಯಿ ಮಗಳು ಯಂತ್ರದಿಂದ ಚಿತ್ರ ಮಾಡಿಸಿದ್ದರು. ಅದು ಆಧಾರ್ ಕಾರ್ಡಿನ ಮುಖ ತೆಗೆದುಕೊಂಡು ರೇಷ್ಮೆ ಸೀರೆ ಉಡಿಸಿತ್ತು, ಜುಮುಕಿ ತೊಡಿಸಿತ್ತು, ಕಲೆಯನ್ನೂ ಅಳಿಸಿತ್ತು. ಆಗಿನ ಗಂಡಿನ ಕಡೆಯವರು ಅದನ್ನು ನೋಡಿ ಸಂತೋಷದಿಂದ ಬಂದರು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವಳನ್ನು ನೋಡಿ, “ಫೋಟೋದಲ್ಲಿದ್ದ ಹುಡುಗಿ ಒಳಗಿದ್ದಾಳಾ?” ಎಂದು ಕೇಳಿದರು.

“ಅದಕ್ಕೇ ನಿಮ್ಮ ಹತ್ತಿರ ಬಂದೆ ಅಣ್ಣಾ. ಮೋಸ ಬೇಡ,” ಎಂದಳು ತಾಯಿ. “ಸ್ವಲ್ಪ ಆ ಕಡೆ ತಿರುಗಿಸಿ ಕೂರಿಸಿ. ಕೆನ್ನೆ ನೆರಳಿಗೆ ಹೋದರೆ ಸಾಕು.”

ಫೋಟೋಗ್ರಾಫರ್ ಇಂಥದ್ದನ್ನು ಎಷ್ಟೋ ಸಲ ಮಾಡಿದ್ದ. ಆದರೆ ಅವನು ಬಾಯಿ ತೆರೆಯುವ ಮೊದಲೇ ಹುಡುಗಿ ತಿರುಗಿ ಕೂತಿದ್ದಳು. ಅವಳಿಗೆ ಅಭ್ಯಾಸವಾಗಿತ್ತು.

“ಇಷ್ಟು ಸಾಕಾ ಸರ್? ಇನ್ನೂ ತಿರುಗಿದರೆ ಬೆನ್ನಿನ ಫೋಟೋ ಬರುತ್ತೆ,” ಎಂದಳು.

ಅವನು ನಕ್ಕ. ಆಮೇಲೆ ಕ್ಯಾಮೆರಾದಿಂದ ಕೈ ತೆಗೆದು, “ಇದು ಹೇಗಾಯಿತು?” ಎಂದು ಕೇಳಿದ.

ತಾಯಿ ಹೇಳಿದಳು: “ಆಗಿನ್ನೂ ಅಂಬೆಗಾಲು. ನಾನು ಗಂಜಿ ಬಸಿಯುತ್ತಿದ್ದೆ. ಎತ್ತಿಕೋ ಅಂತ ಬಂದು ಸೆರಗು ಎಳೆದಳು. ಪಾತ್ರೆ ಜಾರಿತು.”

ಅವನು ತಾಯಿಯನ್ನು ಕ್ಯಾಮೆರಾದ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂರಿಸಿದ. ನೆರಳು ಬೀಳದಂತೆ ದೀಪವನ್ನು ಸರಿಸಿದ. ಹುಡುಗಿಗೆ, “ನನ್ನನ್ನು ನೋಡಬೇಡಮ್ಮ, ಅಮ್ಮನನ್ನು ನೋಡು,” ಎಂದ.

ಅವಳು ಪೂರ್ತಿ ಇತ್ತ ತಿರುಗಿದಳು. ತಾಯಿಯ ಕಣ್ಣು ತುಂಬಿತ್ತು.

“ನೀನ್ಯಾಕೆ ಅಳ್ತೀಯೆ? ಸುಟ್ಟಿದ್ದು ನನ್ನ ಕೆನ್ನೆ. ನನಗೇ ನೆನಪಿಲ್ಲ,” ಎಂದು ಮಗಳು ನಕ್ಕಳು.

ಆಗ ಅವನು ಗುಂಡಿ ಒತ್ತಿದ.

ಚಿತ್ರದಲ್ಲಿ ಎರಡೂ ಕೆನ್ನೆಗಳಿದ್ದವು. ತಾಯಿ ಅದನ್ನು ತುಂಬ ಹೊತ್ತು ನೋಡಿದಳು. ನೆರಳಿನದೊಂದು ತೆಗೆಯಲೇ ಎಂದು ಅವನು ಕೇಳಿದ. ಬೇಡ, ಇದನ್ನೇ ಕಳಿಸುತ್ತೇನೆ ಎಂದಳು.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೆ ಗುರುಗಳೇ, ಈ ಚಿತ್ರ ನೋಡಿಯೂ ಗಂಡಿನ ಕಡೆಯವರು ಬೇಡ ಅನ್ನಬಹುದಲ್ಲ?”

“ಅನ್ನಬಹುದು ಮಗು. ಆದರೆ ಈ ಸಲ, ಬೇಡ ಅನ್ನುವುದಕ್ಕಾದರೂ ಅವರು ಅವಳನ್ನೇ ನೋಡಬೇಕು.”